'ನೈಜ ಘಟನೆ ಆಧಾರಿತ' ಅಂತ ಬೋರ್ಡ್ ಹಾಕಿ ಕೊನೇ ಇಪ್ಪತ್ತು ನಿಮಿಷ ಬುರುಡೆ ಬಿಡೋ ಸ್ಪೈ ಸಿನ್ಮಾಗಳು

ಕೊನೇಸಾಲು:
ನಿನ್ನೆ ರಾತ್ರಿ ಮೂರನೇ ಸಲ 'ಆರ್ಗೋ' ನೋಡ್ದೆ. ಇರಾನಲ್ಲಿ ಅಮೆರಿಕದ ರಾಯಭಾರ ಕಚೇರಿ ಮೇಲೆ ದಾಳಿ ಆದಾಗ ತಪ್ಪಿಸ್ಕೊಂಡ ಆರು ಜನ ಅಮೆರಿಕನ್ನರನ್ನ ಅವ್ರ ಗುಪ್ತಚರ ಸಂಸ್ಥೆ ಸಿಐಎ ಸಿನ್ಮಾ ತಂಡದ ವೇಷದಲ್ಲಿ ಹೊರಗೆ ತರೋ ಕತೆ. ಕೊನೇಲಿ ಟೆಹ್ರಾನ್ ಏರ್‌ಪೋರ್ಟ್ ಸೀನು ಇದ್ಯಲ್ಲ, ವಿಮಾನ ರನ್‌ವೇ ಮೇಲೆ ಓಡ್ತಿರುತ್ತೆ, ಪಕ್ಕದಲ್ಲಿ ಬಂದೂಕು ಹಿಡ್ಕೊಂಡೋರು ಗಾಡೀಲಿ ಅಟ್ಟಿಸ್ಕೊಂಡ್ ಬರ್ತಿರ್ತಾರೆ, ಏನಾಗುತ್ತೆ ಅಂತ ಗೊತ್ತಿದ್ರೂ ಉಸಿರು ಬಿಗಿ ಹಿಡ್ಕೊಂಡೇ ಕೂತಿದ್ದೆ. ಆಮೇಲೆ ಸುಮ್ನೆ ಮಲಗೋದು ಬಿಟ್ಟು ನಿಜವಾಗಿ ಏನಾಯ್ತು ಅಂತ ಓದೋಕೆ ಹೋದೆ, ಎಲ್ಲಾ ಠುಸ್. ಗಾಡೀನೂ ಇಲ್ಲ ಬಂದೂಕೂ ಇಲ್ಲ. 1980ರ ಜನವರಿ ಕೊನೇಲಿ ಆ ಆರು ಜನ ಬೆಳಗಿನ ಜಾವ ಏರ್‌ಪೋರ್ಟಿಗೆ ಹೋದ್ರು, ಪಾಸ್‌ಪೋರ್ಟಿಗೆ ಸೀಲ್ ಬಿತ್ತು, ವಿಮಾನದಲ್ಲಿ ಏನೋ ಮೆಕ್ಯಾನಿಕಲ್ ತೊಂದ್ರೆ ಅಂತ ಒಂದಷ್ಟು ಹೊತ್ತು ಕಾಯ್ಸಿದ್ರು, ಹತ್ತಿದ್ರು, ಹೋದ್ರು. ಮಾರ್ಕೆಟ್ಟಲ್ಲಿ ಜನ ಮುತ್ಕೊಳ್ಳೋ ಸೀನೂ ಕಟ್ಟುಕತೆ, ಆರು ಜನ ಮಾರ್ಕೆಟ್ಟಿಗೆ ಹೋಗೇ ಇಲ್ವಂತೆ.

ನನ್ ಪ್ರಶ್ನೆ ಇಷ್ಟೇ. ನಿಜ ಘಟನೆ ಅಂತ ಬೋರ್ಡ್ ಹಾಕ್ಕೊಂಡ್ಮೇಲೆ ಎಷ್ಟು ಸುಳ್ಳು ಹೇಳ್ಬೋದು? ಎಲ್ಲೋ ಒಂದು ಗೆರೆ ಇರ್ಬೇಕಲ್ವಾ? ಸಿನ್ಮಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೂ ಯಾರೋ ಟೋಪಿ ಹಾಕ್ದಂಗೆ ಅನ್ಸ್ತಿದೆ.

ರೀಲುರಾಯ:
ಡಾಕ್ಯುಮೆಂಟರಿ ನೋಡಿ ಸಾರ್. ಸಿನ್ಮಾಗೆ ಯಾಕ್ ಬಂದ್ರಿ.

ಅರ್ಧಟಿಕೆಟ್:
ನಾನು ಸ್ವಲ್ಪ ಸಿನ್ಮಾದವ್ರ ಪರ. ಯೋಚ್ನೆ ಮಾಡಿ, ಆ ಆರು ಜನ ಕ್ಯೂನಲ್ಲಿ ನಿಂತಾಗ ಒಳಗೊಳಗೇ ಎಷ್ಟು ನಡುಗಿರ್ಬೇಕು? ಆ ನಡುಕ ಕ್ಯಾಮೆರಾಗೆ ಕಾಣಲ್ಲ. ಹೊರಗಡೆಯಿಂದ ನೋಡಿದ್ರೆ ಆರು ಜನ ಸುಮ್ನೆ ನಿಂತಿದ್ದಾರೆ ಅಷ್ಟೇ. ಒಳಗಿದ್ದ ಭಯಾನ ಹೊರಗೆ ತಂದು ನಾಲ್ಕು ಗಾಲಿ ಹಾಕಿ ಓಡ್ಸಿದ್ದಾರೆ, ಅದನ್ನ ಸುಳ್ಳು ಅನ್ನಕ್ಕಾಗಲ್ಲ, ಒಂಥರಾ ಅನುವಾದ ಅದು.

ಸುಮ್ನಿರೋಮಾರಾಯ:
'ನಾಲ್ಕು ಗಾಲಿ ಹಾಕಿ ಓಡ್ಸಿದ್ದಾರೆ' 😂😂

ಹಳೇಫೈಲು:
@ಅರ್ಧಟಿಕೆಟ್ ಭಯ ಕ್ಯಾಮೆರಾಗೆ ಕಾಣಲ್ಲ ಅನ್ನೋದು ಸೋಮಾರಿತನದ ಮಾತು, ಬೇಜಾರ್ ಮಾಡ್ಕೋಬೇಡಿ. ಆ ಕಾರ್ಯಾಚರಣೇಲಿ ನಿಜವಾಗ್ಲೂ ಎದೆ ಝಲ್ ಅನ್ನೋ ಒಂದು ಘಟನೆ ಇತ್ತು, ಅದನ್ನ ಸಿನ್ಮಾದಲ್ಲಿ ತೋರ್ಸೇ ಇಲ್ಲ. ಸಿಐಎ ಅವ್ರು ಆರು ಜನರ ಪಾಸ್‌ಪೋರ್ಟಿಗೆ ಇರಾನಿನ ವೀಸಾ ಸೀಲನ್ನ ನಕಲಿ ಮಾಡಿ ಹಾಕಿದ್ರು. ಇರಾನಿನ ಕ್ಯಾಲೆಂಡರೇ ಬೇರೆ, ಅವ್ರ ಹೊಸ ವರ್ಷ ಶುರುವಾಗೋದು ಮಾರ್ಚಲ್ಲಿ. ಲೆಕ್ಕ ತಪ್ಪಿ ವೀಸಾದ ತಾರೀಖು ಮುಂದಕ್ಕೆ ಬಿದ್ದಿತ್ತು, ಅಂದ್ರೆ ಇನ್ನೂ ಬಾರದ ದಿನ ವೀಸಾ ಕೊಟ್ಟಂಗೆ! ಫಾರ್ಸಿ ಓದೋಕೆ ಬರ್ತಿದ್ದ ಕೆನಡಾ ರಾಯಭಾರ ಕಚೇರಿ ಅಧಿಕಾರಿ ಒಬ್ರು ಅದನ್ನ ಹಿಡಿದ್ರು, ಕೂತು ಸರಿಮಾಡಿದ್ರು. ಅವ್ರ ಕಣ್ಣಿಗೆ ಬೀಳ್ದೇ ಹೋಗಿದ್ರೆ ಇಮಿಗ್ರೇಷನ್ ಕೌಂಟರಲ್ಲೇ ಕತೆ ಮುಗೀತಿತ್ತು.

ಇನ್ನೊಂದು, ಅವ್ರು ಹತ್ತಿದ ಸ್ವಿಸ್‌ಏರ್ ವಿಮಾನದ ಮೂತಿ ಮೇಲೆ ಬರ್ದಿದ್ದ ಹೆಸ್ರು 'ಆರ್ಗಾವ್'. ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ್ಯದ ಹೆಸ್ರು ಅದು. ಇವ್ರ ನಕಲಿ ಸಿನ್ಮಾ ಹೆಸ್ರು ಆರ್ಗೋ! ಇದನ್ನ ಯಾವ್ದಾದ್ರೂ ರೈಟರ್ ಬರ್ಕೊಂಡ್ ಹೋದ್ರೆ 'ಅತಿಯಾಯ್ತು, ತೆಗಿ' ಅಂತ ಡೈರೆಕ್ಟರ್ರೇ ಹೊಡೆದು ಹಾಕ್ತಿದ್ದ.

ಕೊನೇಸಾಲು:
ಅಯ್ಯೋ ಇದೇ ನೋಡಿ ನಾನ್ ಹೇಳೋಕೆ ಒದ್ದಾಡ್ತಿದ್ದಿದ್ದು! ತಾರೀಖು ತಪ್ಪಿದ ವೀಸಾಗಿಂತ ದೊಡ್ಡ ಥ್ರಿಲ್ಲರ್ ಬೇಕಾ?

ರೀಲುರಾಯ:
ಸರಿ, ಕ್ಲೈಮ್ಯಾಕ್ಸಲ್ಲಿ ಹೀರೋ ಕೂತು ಪಂಚಾಂಗ ಲೆಕ್ಕ ಹಾಕ್ತಾನೆ, ಹಿಂದೆ ಬಿಜಿಎಂ. ಸೂಪರ್ ಹಿಟ್.

ಕಡಲಕಾಗೆ:
ಚೇಸ್ ಸೇರಿಸಿದ್ದಕ್ಕೆ ನಂದೇನೂ ತಕರಾರಿಲ್ಲ ಮಾರ್ರೆ. ಸಿನಿಮಾ ಅಲ್ವಾ, ಓಡ್ಲಿ. ನನಗೆ ಸಿಟ್ಟು ಬರುವುದು ಬೇರೆ ಜಾಗದಲ್ಲಿ. ಆ ಆರು ಜನರನ್ನು ಹತ್ತಿರ ಹತ್ತಿರ ಮೂರು ತಿಂಗಳು ಮನೆಯಲ್ಲಿ ಇಟ್ಕೊಂಡು ಕಾಪಾಡಿದ್ದು ಕೆನಡಾದವರು, ರಾಯಭಾರಿ ಕೆನ್ ಟೇಲರ್ ಮತ್ತು ಜಾನ್ ಶಿಯರ್‌ಡೌನ್. ಸಿನಿಮಾದಲ್ಲಿ ಶಿಯರ್‌ಡೌನ್ ಇಲ್ಲವೇ ಇಲ್ಲ, ಟೇಲರ್ ಒಳ್ಳೆ ಲಾಡ್ಜ್ ಮಾಲೀಕನ ಹಾಗೆ ಬಾಗಿಲು ತೆಗೆದು ಹಾಕಿ ಮಾಡ್ತಾರೆ. ಬ್ರಿಟಿಷರು ಇವರನ್ನು ಹೊರಗೆ ಕಳಿಸಿದ್ರು ಅಂತ ಒಂದು ಡೈಲಾಗ್ ಬೇರೆ ಉಂಟು, ನಿಜಕ್ಕೂ ಬ್ರಿಟಿಷರು ಮೊದಲು ಜಾಗ ಕೊಟ್ಟಿದ್ರು. ಆಗ ಅಮೆರಿಕದ ಅಧ್ಯಕ್ಷ ಆಗಿದ್ದ ಜಿಮ್ಮಿ ಕಾರ್ಟರೇ ಆಮೇಲೆ ಒಂದು ಸಂದರ್ಶನದಲ್ಲಿ ಇದರಲ್ಲಿ ಶೇಕಡಾ 90ರಷ್ಟು ಕೆಲಸ ಕೆನಡಾದ್ದು ಅಂತ ಹೇಳಿದ್ದಾರೆ. ಗುಂಡು ಹಾರಿಸುವುದು ಒಂದು ಸುಳ್ಳು, ಒಬ್ಬನ ಕೆಲಸ ಇನ್ನೊಬ್ಬನ ಖಾತೆಗೆ ಜಮಾ ಮಾಡುವುದು ಇನ್ನೊಂದು ಸುಳ್ಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ಬೇಡಿ.

ಅರ್ಧಟಿಕೆಟ್:
+1. ಇದು ಒಪ್ಪೋ ಮಾತು.

ಹಳೇಫೈಲು:
ಕೆನ್ ಟೇಲರ್ ಆಕ್ಷೇಪ ಎತ್ತಿದ್ಮೇಲೆ ಸಿನ್ಮಾ ಕೊನೇಲಿ ಬರೋ ಬರಹವನ್ನ ಡೈರೆಕ್ಟರ್ ಬೆನ್ ಅಫ್ಲೆಕ್ ಬದ್ಲಾಯಿಸಿದ್ರು. ಅಷ್ಟು ಮರ್ಯಾದೆ ಇಟ್ಕೊಂಡಿದ್ದಾರೆ.

ಬಡಗಣಗಾಳಿ:
ನೋಡ್ರಿ, ಹಾಲಿವುಡ್ ಬಿಡ್ರಿ, ನಮ್ ದೇಶದ್ದ ತಗೋರಿ. 2017ರಾಗ 'ಘಾಜಿ' ಅಂತ ಬಂತು. ಅದರಾಗ ನಮ್ದೊಂದು ಸಬ್‌ಮರೀನ್ ನೀರೊಳಗ ಹೋಗಿ ಪಾಕಿಸ್ತಾನದ ಘಾಜಿ ಜೋಡಿ ಗುದ್ದಾಡ್ತೈತಿ. ಖರೇ ಅಂದ್ರ ಅಂಥಾ ಗುದ್ದಾಟನ ಆಗಿಲ್ರಿ. 1971ರ ಡಿಸೆಂಬರ್ 3ರ ರಾತ್ರಿ ವಿಶಾಖಪಟ್ಟಣದ ಮುಂದ ಇದ್ದದ್ದು ಐಎನ್‌ಎಸ್ ರಜಪೂತ್ ಅನ್ನೋ ಹಳೇ ಹಡಗ. ಘಾಜಿ ಬಂದಿದ್ದು ನಮ್ಮ ವಿಮಾನವಾಹಕ ಹಡಗ ವಿಕ್ರಾಂತ್ ಮುಳುಗಿಸಾಕ. ವಿಕ್ರಾಂತ್ ಆಗಲೇ ಅಂಡಮಾನ್ ಕಡೆ ಹೋಗಿ ಅಡಗಿ ಕುಂತಿತ್ತು. ನಮ್ಮವರು ರಜಪೂತ್‌ನ ಮುಂದ ಬಿಟ್ಟು ಇದ ವಿಕ್ರಾಂತ್ ಅನ್ನೂ ಹಂಗ ರೇಡಿಯೋ ಸಂದೇಶ ಕಳಿಸಾಕ ಹಚ್ಚಿದ್ರು.

ಇಲ್ಲೇ ಐತಿ ನೋಡ್ರಿ ಮಜಾ. ಪೂರ್ವ ನೌಕಾಪಡೆ ಮುಖ್ಯಸ್ಥರಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಬರದಾರ, ಬೇಕಂತನ ಗುಪ್ತಲಿಪಿ ಇಲ್ಲದ ಒಂದು ಖಾಸಗಿ ಟೆಲಿಗ್ರಾಂ ಬಿಟ್ಟರಂತ, ವಿಕ್ರಾಂತ್‌ನ ಯಾವನೋ ನಾವಿಕ ಕಳಿಸಿದಂಗ. ಏನಂತ? ಅವ್ವಗ ಭಾಳ ಆರಾಮಿಲ್ಲಂತ, ಈಗ ಹೆಂಗದಾಳ ಅಂತ. ಕದ್ದು ಕೇಳೋರಿಗೆ ಓಹೋ ವಿಕ್ರಾಂತ್ ಇಲ್ಲೇ ಐತಿ ಅನಿಸ್ಬೇಕು, ಅಷ್ಟ. ಒಬ್ಬನ ತಾಯಿ ಜಡ್ಡು ತೋರಿಸಿ ಒಂದ್ ಸಬ್‌ಮರೀನ್ ಎಳದ್ರು ಅಂದ್ರ ಇದಕ್ಕಿಂತ ದೊಡ್ಡ ಬೇಹುಗಾರಿಕೆ ಸಿನಿಮಾ ಯಾವ್ದ್ ಬೇಕ್ರಿ ನಿಮಗ? ಟಾರ್ಪಿಡೋ ಯಾಕ ಬೇಕಿತ್ತು?

ಸುಮ್ನಿರೋಮಾರಾಯ:
ಅವ್ವನ ಟೆಲಿಗ್ರಾಂ 👏👏 ಇದು ಗೊತ್ತೇ ಇರ್ಲಿಲ್ಲ

ಹಳೇಫೈಲು:
ಟೆಲಿಗ್ರಾಂ ಕತೆ ನಿಜ, ಕೃಷ್ಣನ್ ಅವ್ರೇ ಬರ್ದಿರೋದು. ಒಂದು ಸೇರ್ಸ್ತೀನಿ, ಘಾಜಿ ಹೆಂಗ್ ಮುಳುಗ್ತು ಅನ್ನೋದ್ರಲ್ಲಿ ಎರಡು ದೇಶದ ಹೇಳಿಕೆ ಬೇರೆ ಬೇರೆ. ರಜಪೂತ್ ಹಾಕಿದ ಡೆಪ್ತ್ ಚಾರ್ಜಿಂದ (ನೀರೊಳಗೆ ಸಿಡಿಯೋ ಬಾಂಬ್) ಅಂತ ಭಾರತ, ಒಳಗೇ ಸ್ಫೋಟ ಆಯ್ತು ಇಲ್ಲಾ ಮೈನ್‌ಗೆ ಸಿಕ್ಕಿತು ಅಂತ ಪಾಕಿಸ್ತಾನ.

ಗಡಿಯಾರಮುಳ್ಳು:
@ಹಳೇಫೈಲು ಅವ್ರು ಹೇಳಿದ್ದನ್ನೂ ಇಲ್ಲಿ ತಂದು ಹಾಕ್ಬೇಕಾ? ನೀವ್ ಯಾರ್ ಕಡೆ?

ಹಳೇಫೈಲು:
ಫೈಲ್ ಕಡೆ.

ರೀಲುರಾಯ:
ಹೆಸ್ರಿಗೆ ತಕ್ಕ ಉತ್ರ 😄

ಬಡಗಣಗಾಳಿ:
@ಗಡಿಯಾರಮುಳ್ಳು ಅದರಾಗ ಸಿಟ್ಟಾಗೋದೇನೈತ್ರಿ. ಹೆಂಗರ ಮುಳುಗಲಿ, ಟೋಪಿ ಬಿದ್ದು ಅಲ್ಲಿಗೆ ಬಂದಿದ್ದಂತೂ ಖರೇ ಅಲ್ಲೇನು.

ಗುಪ್ತಗಾಮಿನಿ:
ನಮ್ಮಲ್ಲಿ ಸಮಸ್ಯೆ ಇನ್ನೂ ಬೇರೆ ಇದೆ ಅನ್ಸುತ್ತೆ. ಆರ್ಗೋದಲ್ಲಿ ಸುಳ್ಳು ಎಲ್ಲಿದೆ ಅಂತ ನಾವ್ ಇಲ್ಲಿ ಕೂತು ಹೇಳ್ತಿರೋದು ಹೇಗೆ? 1997ರಲ್ಲಿ ಅದನ್ನ ಗುಪ್ತ ಪಟ್ಟಿಯಿಂದ ತೆಗೆದ್ರು, ಕಾರ್ಯಾಚರಣೆ ನಡ್ಸಿದ ಟೋನಿ ಮೆಂಡೆಜ್ ತಾವೇ ಬರ್ದಿದ್ದಾರೆ, ಅದಕ್ಕೆ. ನಮ್ಮ ಗುಪ್ತಚರ ಸಂಸ್ಥೆ ರಾ ಹುಟ್ಟಿದ್ದು 1968ರಲ್ಲಿ, ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ರೆ ಅವ್ರ ಹತ್ರ ಏನೂ ಕೇಳೋ ಹಾಗಿಲ್ಲ, 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಇದೆ, 2021ರ ಪಿಂಚಣಿ ನಿಯಮದ ಪ್ರಕಾರ ನಿವೃತ್ತರಾದ ಗುಪ್ತಚರ ಅಧಿಕಾರಿ ಸಂಸ್ಥೆ ಬಗ್ಗೆ ಬರೀಬೇಕಂದ್ರೆ ಅನುಮತಿ ತಗೋಬೇಕು.

ಹಾಗಾಗಿ ನಮ್ ಸಿನ್ಮಾದವ್ರು ಏನ್ ತೋರ್ಸಿದ್ರೂ 'ಇದು ಆಗಿಲ್ಲ' ಅಂತ ಹೇಳೋರೇ ಇಲ್ಲ. 'ರಾಝಿ' ತಗೊಳ್ಳಿ, ಹರಿಂದರ್ ಸಿಕ್ಕಾ ಕಾದಂಬರಿ ಆಧಾರ, ಅದರ ಹಿಂದೆ ನಿಜವಾದ ಹೆಣ್ಮಗಳಿದ್ಲು ಅಂತ ಅವ್ರು ಹೇಳ್ತಾರೆ. ಇರ್ಬಹುದು. ನಾವು ಪರೀಕ್ಷೆ ಮಾಡೋದು ಹೇಗೆ? ಆದ್ರೆ ಸಿನ್ಮಾವಾಗಿ ನಂಗೆ ರಾಝಿ ಇಷ್ಟ, ಯಾಕಂದ್ರೆ ಅದರಲ್ಲಿ ಅಪಾಯ ಇರೋದು ಮನೆ ಒಳಗೆ. ತನ್ನನ್ನ ನಂಬಿರೋ ಅತ್ತೆಮನೆಯವರ ಮಧ್ಯೆ ಓಡಾಡ್ಕೊಂಡು ಕದ್ದು ಕೇಳ್ಬೇಕು, ಆ ಪಾಪಪ್ರಜ್ಞೆ ನಂಬೋ ಹಾಗಿದೆ. ಅದು ದಾಖಲೆ ಪ್ರಕಾರ ನಿಜಾನೋ ಇಲ್ವೋ, ಮನುಷ್ಯರ ಮಟ್ಟಿಗೆ ನಿಜ.

ಗಡಿಯಾರಮುಳ್ಳು:
ಗೂಢಚಾರರ ವಿಷ್ಯ ಗುಟ್ಟಾಗೇ ಇರ್ಬೇಕು, ಸಿನ್ಮಾದವ್ರಿಗೋಸ್ಕರ ಫೈಲ್ ಬಿಚ್ಚಿ ಕೊಡೋಕಾಗುತ್ತಾ

ಗುಪ್ತಗಾಮಿನಿ:
ಐವತ್ತು ವರ್ಷ ಆದ್ಮೇಲೂ? ಬ್ರಿಟನ್‌ನವ್ರೂ ಸುಮ್ನೆ ಕೊಡಲ್ಲ. ಆಪರೇಷನ್ ಮಿನ್ಸ್‌ಮೀಟಲ್ಲಿ ಬಳ್ಸಿದ ಹೆಣ ಯಾರ್ದು ಅಂತ ಹೊರಗೆ ಬಂದಿದ್ದು 1996ರಲ್ಲಿ, ಘಟನೆ ನಡೆದಿದ್ದು 1943ರಲ್ಲಿ. ಆದ್ರೆ ಬಂತಲ್ಲ ಕೊನೆಗೂ.

ಇಂಟರ್ವಲ್:
ಮಿನ್ಸ್‌ಮೀಟ್ ಅಂದ್ರೇನು ಯಾರಾದ್ರೂ ಎರಡು ಲೈನಲ್ಲಿ ಹೇಳಿ

ಅರ್ಧಟಿಕೆಟ್:
ಎರಡು ಲೈನಲ್ಲಿ ಆಗಲ್ಲ 😅 ಎರಡನೇ ಮಹಾಯುದ್ಧ. ಮಿತ್ರಪಡೆಗಳು ಇಳಿಯೋದು ಸಿಸಿಲಿಗೆ, ಹಿಟ್ಲರ್ ಮಾತ್ರ ಗ್ರೀಸಿಗೆ ಬರ್ತಾರೆ ಅಂತ ನಂಬ್ಬೇಕು. ಅದಕ್ಕೆ ಗ್ಲಿಂಡರ್ ಮೈಕೇಲ್ ಅನ್ನೋ ಮನೆಮಠ ಇಲ್ಲದ ಒಬ್ಬ ಬಡವನ ಹೆಣಕ್ಕೆ 'ಮೇಜರ್ ವಿಲಿಯಂ ಮಾರ್ಟಿನ್' ಅಂತ ಹೆಸರಿಟ್ಟು, ಯೂನಿಫಾರ್ಮ್ ತೊಡ್ಸಿ, ನಕಲಿ ಪತ್ರಗಳ ಬ್ಯಾಗ್ ಕಟ್ಟಿ ಸ್ಪೇನ್ ತೀರದಲ್ಲಿ ಸಬ್‌ಮರೀನಿಂದ ನೀರಿಗೆ ಬಿಟ್ರು. ಜರ್ಮನ್ನರು ಓದಿದ್ರು, ನಂಬಿದ್ರು.

ನಂಗೆ ಹುಚ್ಚು ಹಿಡ್ಸೋದು ಅದರ ಚಿಲ್ರೆ ವಿವರಗಳು. ಜೇಬಲ್ಲಿ ನಾಟಕದ ಟಿಕೆಟ್ ತುಂಡು, ಸಾಲ ಜಾಸ್ತಿ ಆಗಿದೆ ಅಂತ ಬ್ಯಾಂಕಿನ ಪತ್ರ, ಪ್ರೇಯಸಿಯ ಫೋಟೋ (ಬ್ರಿಟನ್ ಗುಪ್ತಚರ ಸಂಸ್ಥೆ ಎಂಐ5ರಲ್ಲಿ ಕೆಲಸ ಮಾಡ್ತಿದ್ದ ಹುಡುಗಿದು). ಯುದ್ಧಕಾಲದಲ್ಲಿ ಬಟ್ಟೆಗೂ ರೇಷನ್, ಒಳ್ಳೆ ಒಳಉಡುಪು ಸಿಗ್ದೆ ತೀರಿಕೊಂಡಿದ್ದ ಆಕ್ಸ್‌ಫರ್ಡ್ ವಿದ್ವಾಂಸರೊಬ್ಬರದ್ದನ್ನ ತಂದು ಹಾಕಿದ್ರು! ಹೆಣ ಹೆಪ್ಪುಗಟ್ಟಿ ಬೂಟು ಹತ್ತದೆ ಪಾದಗಳಿಗೆ ಮಾತ್ರ ಹೀಟರ್ ಇಟ್ಟು ಕರಗ್ಸಿದ್ರು. ಇಷ್ಟೆಲ್ಲಾ ಇದ್ರೂ ಈಚೆಗೆ ಬಂದ ಸಿನ್ಮಾದವ್ರು ಅದರೊಳಗೆ ಒಂದು ತ್ರಿಕೋನ ಪ್ರೇಮ ತುರುಕಿದ್ದಾರೆ. ಯಾಕ್ ಗುರು? ಹೆಣಕ್ಕೆ ಬೂಟು ಹಾಕೋ ಸೀನ್ ಸಾಲ್ದಾ?

ಕೊನೇಸಾಲು:
ಏನ್ ಗುರು, ಮೊದ್ಲು ನೀನೇ ತಾನೇ 'ಅನುವಾದ' ಅಂತಿದ್ದಿದ್ದು?

ಅರ್ಧಟಿಕೆಟ್:
ಭಯಾನ ಅನುವಾದ ಮಾಡ್ಲಿ ಅಂದೆ, ಇಲ್ಲದ ಲವ್ವನ್ನಲ್ಲ

ಸೈಲೆನ್ಸರ್:
ನೀವೆಲ್ಲ ದೊಡ್ಡ ದೊಡ್ಡ ವಿಷ್ಯ ಮಾತಾಡ್ತಿದ್ದೀರಿ, ನನ್ನ ಸಣ್ಣ ಸಂಕಟ ಕೇಳಿ. ಈ ಸಿನ್ಮಾಗಳಲ್ಲಿ ಸ್ಯಾಟಲೈಟ್ ಅನ್ನೋದು ಆಕಾಶಕ್ಕೆ ನೇತು ಹಾಕಿದ ಸಿಸಿಟಿವಿ ತರ ಒಂದೇ ಮನೆ ಮೇಲೆ ನಿಂತು ಲೈವ್ ವಿಡಿಯೋ ಕೊಡುತ್ತೆ. ಅಷ್ಟು ಸ್ಪಷ್ಟ ಫೋಟೋ ತೆಗೀಬೇಕಂದ್ರೆ ಭೂಮಿಗೆ ಹತ್ರ ಇರ್ಬೇಕು, ಹತ್ರ ಇದ್ರೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಓಡ್ಲೇಬೇಕು, ನಿಲ್ಲೋ ಮಾತೇ ಇಲ್ಲ. ಆಮೇಲೆ 'ಇನ್ನೊಂದು ಮೂವತ್ತು ಸೆಕೆಂಡ್ ಮಾತಾಡ್ಸು, ಟ್ರೇಸ್ ಆಗ್ತಿದೆ' ಅಂತಾರಲ್ಲ, ಯಾವ ಕಾಲದಲ್ಲಿದ್ದೀರಪ್ಪಾ, ಮೊಬೈಲ್ ಕರೆ ಸೇರಿದ ಕ್ಷಣಾನೇ ಯಾವ ಟವರ್ ಅಂತ ಕಂಪನಿಗೆ ಗೊತ್ತಿರುತ್ತೆ. ಇನ್ನು ನನ್ ಹೆಸ್ರಿನ ವಿಷ್ಯ, ಸೈಲೆನ್ಸರ್ ಹಾಕಿದ ಪಿಸ್ತೂಲು ಪಕ್ಕದ ರೂಮಿಗೂ ಕೇಳ್ಸಲ್ವಂತೆ. ಸದ್ದು ಕಮ್ಮಿ ಆಗುತ್ತೆ ಅಷ್ಟೇ, ಕೇಳ್ಸೋದು ಕೇಳ್ಸೇ ಕೇಳ್ಸುತ್ತೆ.

ಸುಮ್ನಿರೋಮಾರಾಯ:
ಬೈಕಿಂದೋ ಪಿಸ್ತೂಲಿಂದೋ ಅಂತ ಇಷ್ಟು ದಿನ ಡೌಟಿತ್ತು

ಹಳೇಫೈಲು:
ಇದೇ ಸಾಲಲ್ಲಿ ನಂದೂ ಒಂದು. ಸಿಐಎ ಆಫೀಸರ್‌ನ 'ಏಜೆಂಟ್' ಅನ್ನೋದು ತಪ್ಪು. ಆಫೀಸರ್ ಅಂದ್ರೆ ಸಂಬಳ ತಗೊಳ್ಳೋ ನೌಕರ, ಅವ್ನು ಪುಸಲಾಯಿಸಿ ಬಳಸ್ಕೊಳ್ಳೋ ಪರದೇಶದವ್ನು ಏಜೆಂಟ್.

ರೀಲುರಾಯ:
ಹಂಗಾದ್ರೆ ಇಷ್ಟು ದಿನ ನಾವು ಗುಮಾಸ್ತರಿಗೆ ಶಿಳ್ಳೆ ಹೊಡೀತಿದ್ವಾ

ಇಂಟರ್ವಲ್:
ನಾನು ಸ್ವಲ್ಪ ಖಾರವಾಗಿ ಹೇಳ್ತೀನಿ. ಚೇಸ್ ಸೇರ್ಸಿದ ಸಿನ್ಮಾ ಅಪಾಯ ಅಲ್ಲ, ಎಲ್ಲವನ್ನೂ ಅಚ್ಚುಕಟ್ಟಾಗಿ ನಿಜದ ತರ ಮಾಡಿರೋ ಸಿನ್ಮಾನೇ ಜಾಸ್ತಿ ಅಪಾಯ. 'ಝೀರೋ ಡಾರ್ಕ್ ಥರ್ಟಿ' ನೋಡಿ. ಪಾಕಿಸ್ತಾನದ ಅಬೋಟಾಬಾದಲ್ಲಿ ಬಿನ್ ಲಾಡೆನ್ ಅಡಗಿದ್ದ ಮನೇನ ಜೋರ್ಡಾನಲ್ಲಿ ಹೊಸದಾಗಿ ಕಟ್ಸಿದ್ರು. 2011ರ ಮೇ 2ರ ರಾತ್ರಿ ದಾಳಿ ಸೀನ್ ನೋಡ್ತಿದ್ರೆ ನಾವೇ ಆ ಕತ್ತಲಲ್ಲಿ ಮೆಟ್ಲು ಹತ್ತಿದ ಹಾಗನ್ಸುತ್ತೆ. ಇಷ್ಟು ನಂಬಿಕೆ ಗಳಿಸ್ಕೊಂಡು ಅದೇ ಉಸಿರಲ್ಲಿ, ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟಿದ್ದಕ್ಕೇ ಸುಳಿವು ಸಿಕ್ತು ಅನ್ನೋ ಹಾಗೆ ಕತೆ ಹೆಣೆದಿದ್ದಾರೆ. ಫೈನ್‌ಸ್ಟೈನ್, ಲೆವಿನ್, ಮೆಕೇನ್ ಮೂರೂ ಜನ ಸೆನೆಟರ್‌ಗಳು 2012ರಲ್ಲೇ ಇದು ದಾರಿ ತಪ್ಸುತ್ತೆ ಅಂತ ಪತ್ರ ಬರೆದ್ರು, 2014ರ ಸೆನೆಟ್ ಸಮಿತಿ ವರದೀನೂ ಅದನ್ನೇ ಹೇಳ್ತು, ಸಿಐಎ ಒಪ್ಲಿಲ್ಲ ಅದು ಬೇರೆ ಮಾತು. ಆದ್ರೆ ಸಿನ್ಮಾ ನೋಡಿದವ್ನ ತಲೇಲಿ ಉಳಿಯೋದು ವರದಿ ಅಲ್ಲ, ಸಿನ್ಮಾ.

ರೀಲುರಾಯ:
ಪಾತ್ರ ಹೊಡೆದ ತಕ್ಷಣ ಡೈರೆಕ್ಟರ್ ಹೊಡೆಯೋದು ಸರಿ ಅಂತ ಹೇಳ್ತಿದ್ದಾನೆ ಅಂತಲ್ಲ. ತೋರ್ಸೋದು ಬೇರೆ, ಹೊಗಳೋದು ಬೇರೆ.

ಇಂಟರ್ವಲ್:
ಹೊಗಳಿದ್ರು ಅಂತ ನಾನೆಲ್ಲಿ ಹೇಳ್ದೆ? 'ಇದರಿಂದ ಅದು ಆಯ್ತು' ಅಂತ ಗಂಟು ಹಾಕಿದ್ದಾರೆ ಅಂದೆ. ಆ ಗಂಟೇ ಸುಳ್ಳಾದ್ರೆ ಮನೆ ಎಷ್ಟು ಚೆನ್ನಾಗಿ ಕಟ್ಸಿ ಏನ್ ಬಂತು.

ರೀಲುರಾಯ:
ಹ್ಮ್. ಇದಕ್ಕೆ ಉತ್ರ ಇಲ್ಲ ನನ್ಹತ್ರ. ಆದ್ರೂ ಸಿನ್ಮಾ ಬೆಂಕಿ.

ಕಡಲಕಾಗೆ:
ಬಿಟ್ಟದ್ದೂ ಲೆಕ್ಕಕ್ಕೆ ಬರ್ಬೇಕು. ಸ್ಪೀಲ್‌ಬರ್ಗ್ ಅವರ 'ಮ್ಯೂನಿಕ್' ಉಂಟಲ್ಲ, 1972ರ ಒಲಿಂಪಿಕ್ಸಲ್ಲಿ 11 ಇಸ್ರೇಲಿಗಳನ್ನು ಕೊಂದ ಮೇಲೆ ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದ್ ಸೇಡು ತೀರಿಸಿದ ಕತೆ. ಹೀರೋನಿಗೆ ಮನಸ್ಸಿನಲ್ಲಿ ತಳಮಳ, ನಾವು ಮಾಡ್ತಿರುವುದು ಸರಿಯಾ ಅಂತ. ಒಳ್ಳೆಯದೇ. ಆದರೆ 1973ರ ಜುಲೈಯಲ್ಲಿ ನಾರ್ವೆಯ ಲಿಲ್ಲೆಹಾಮರಿನಲ್ಲಿ ಅದೇ ಮೊಸಾದ್ ಬೇರೆ ಯಾರನ್ನೋ ಹುಡುಕ್ತಾ ಹೋಗಿ ಅಹ್ಮದ್ ಬೂಷಿಕಿ ಅನ್ನುವ ಮೊರಾಕ್ಕೊ ಮೂಲದ ವೇಟರನ್ನು ಗರ್ಭಿಣಿ ಹೆಂಡತಿಯ ಎದುರೇ ಕೊಂದಿತು. ಏನೂ ಸಂಬಂಧ ಇಲ್ಲದ ಮನುಷ್ಯ. ಮರುದಿನ ಬಾಡಿಗೆ ಕಾರು ವಾಪಸ್ ಕೊಡ್ಲಿಕ್ಕೆ ಹೋದವರು ಸಿಕ್ಕಿಬಿದ್ರು, ಒಟ್ಟು ಆರು ಜನ ಅರೆಸ್ಟ್. ಸಿನಿಮಾದಲ್ಲಿ ಇದು ಇಲ್ಲವೇ ಇಲ್ಲ. ಎರಡೂಮುಕ್ಕಾಲು ಗಂಟೆ ತಳಮಳ ತೋರಿಸ್ಲಿಕ್ಕೆ ಜಾಗ ಉಂಟು, ನಿಜವಾಗಿ ತಳಮಳ ಆಗಬೇಕಿದ್ದ ಘಟನೆಗೆ ಜಾಗ ಇಲ್ಲ.

ಬಡಗಣಗಾಳಿ:
ಬಾಡಿಗಿ ಕಾರು ವಾಪಸ್ ಕೊಡಾಕ ಹೋಗಿ ಸಿಕ್ಕರಂತ! ಸಿನಿಮಾದಾಗ ಇದನ್ನ ಹಾಕಿದ್ರ ಕಾಮಿಡಿ ಅಂತಾರ.

ಗುಪ್ತಗಾಮಿನಿ:
ಇನ್ನೊಂದ್ ಮಾತು. ಸ್ಪೈ ಕತೆ ಕಟ್ಟೋದು ಸಿನ್ಮಾದವ್ರು ಮಾತ್ರ ಅಂದ್ಕೋಬೇಡಿ. 1994ರ ಇಸ್ರೋ ಪ್ರಕರಣ ನೆನಪಿಸ್ಕೊಳ್ಳಿ. ಮಾಲ್ಡೀವ್ಸ್ ಹೆಂಗಸರು, ರಾಕೆಟ್ ರಹಸ್ಯ, ದುಡ್ಡು ಅಂತ ಪತ್ರಿಕೆಗಳು ದಿನಕ್ಕೊಂದು ಕಂತು ಬರೆದ್ವು, ಥೇಟ್ ಥ್ರಿಲ್ಲರ್. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಕ್ರಯೋಜೆನಿಕ್ ರಾಕೆಟ್ ಇಂಜಿನ್ ತಂತ್ರಜ್ಞಾನ ಮಾರಿದ್ರು ಅಂತ ಆರೋಪ, ತಮಾಷೆ ಏನಂದ್ರೆ ಆಗ ಭಾರತದ ಹತ್ರಾನೇ ಆ ಇಂಜಿನ್ ತಂತ್ರಜ್ಞಾನ ಇರ್ಲಿಲ್ಲ! 1996ರಲ್ಲಿ ಸಿಬಿಐ ಇದೆಲ್ಲಾ ಸುಳ್ಳು ಅಂತು, ಸುಪ್ರೀಂ ಕೋರ್ಟು 50 ಲಕ್ಷ ಪರಿಹಾರ ಕೊಡಿ ಅಂದಿದ್ದು 2018ರಲ್ಲಿ. ಓದೋರು ಯಾಕ್ ನಂಬಿದ್ರು? ಸಿನ್ಮಾದಲ್ಲಿ ಅದೇ ಮಸಾಲೆ ನೂರು ಸಲ ನೋಡಿದ್ವಲ್ಲ, ಬೇಹುಗಾರಿಕೆ ಅಂದ್ರೆ ಹೀಗೇ ಇರುತ್ತೆ ಅನ್ನೋದು ತಲೇಲಿ ಕೂತಿತ್ತು.

ಗಡಿಯಾರಮುಳ್ಳು:
ಈ ವಿಷ್ಯದಲ್ಲಿ ನಿಮ್ ಮಾತು ಒಪ್ತೀನಿ. ಆ ಮನುಷ್ಯನಿಗೆ ಆಗಿದ್ದು ದೊಡ್ಡ ಅನ್ಯಾಯ.

ಕೊನೇಸಾಲು:
ನಾನು ಚೇಸ್ ಬಗ್ಗೆ ಕೊರಗ್ತಾ ಥ್ರೆಡ್ ಶುರು ಮಾಡಿದ್ದೆ, ಈಗ ಅದು ದೊಡ್ಡ ವಿಷ್ಯಾನೇ ಅಲ್ಲ ಅನ್ನಿಸ್ತಿದೆ. ಕಡಲಕಾಗೆ ಹೇಳಿದ್ ಖಾತೆ ಮಾತು ತಲೇಲಿ ಕೊರೀತಿದೆ. ಇರ್ಲಿ, ಇವತ್ ರಾತ್ರಿ 'ಬ್ರಿಡ್ಜ್ ಆಫ್ ಸ್ಪೈಸ್' ನೋಡೋಣ ಅಂತ. ಅದ್ರಲ್ಲಿ ಏನೇನ್ ಬುರುಡೆ ಇದೆ ಮೊದ್ಲೇ ಹೇಳ್ಬಿಡಿ, ಆಮೇಲೆ ಹೊಟ್ಟೆ ಉರ್ಕೊಳ್ಳೋಕೆ ಆಗಲ್ಲ.

ಹಳೇಫೈಲು:
ವಕೀಲ ಡೊನೊವನ್ ಮನೆಗೆ ಗುಂಡು ಹಾರ್ಸೋದು ಕಟ್ಟುಕತೆ. 1962ರ ಫೆಬ್ರವರಿ 10ರಂದು ಗ್ಲೀನಿಕ್ ಸೇತುವೆ ಮೇಲೆ ಅಮೆರಿಕದವ್ರು ಸೋವಿಯತ್ ಗೂಢಚಾರ ಏಬಲ್‌ನ ಕೊಟ್ಟು ಸೋವಿಯತ್ ಸೆರೇಲಿದ್ದ ತಮ್ಮ ಪೈಲಟ್ ಪವರ್ಸ್‌ನ ತಗೊಂಡಿದ್ದು ನಿಜ. ಬಿಟ್ಟಿರೋದು ಏನಂದ್ರೆ ಪೇಪರ್ ಹುಡುಗನ ಕತೆ. 1953ರಲ್ಲಿ ನ್ಯೂಯಾರ್ಕಲ್ಲಿ ಪೇಪರ್ ಹಾಕೋ ಒಬ್ಬ ಹುಡುಗನಿಗೆ ಚಿಲ್ರೆ ಜೊತೆ ಒಂದು ನಿಕಲ್ ನಾಣ್ಯ ಬಂತು, ಕೆಳಗೆ ಬಿದ್ದು ಎರಡು ಹೋಳಾಯ್ತು, ಒಳಗೆ ಟೊಳ್ಳು, ಅದರೊಳಗೆ ಚಿಕ್ಕ ಫೋಟೋ, ಫೋಟೋ ತುಂಬಾ ಬರೀ ಅಂಕಿ. ಎಫ್‌ಬಿಐ ನಾಲ್ಕು ವರ್ಷ ತಿಣುಕಿದ್ರೂ ಬಿಡ್ಸೋಕಾಗ್ಲಿಲ್ಲ. 1957ರಲ್ಲಿ ಹೈಹಾನೆನ್ ಅನ್ನೋ ಸೋವಿಯತ್ ಗೂಢಚಾರ ಪಕ್ಷ ಬದಲಾಯಿಸಿ ಶರಣಾದ, ಏಬಲ್ ಸುಳಿವು ಕೊಟ್ಟಿದ್ದೂ ಅವ್ನೇ, ಅವ್ನು ಗುಪ್ತಲಿಪಿ ಹೇಳ್ಕೊಟ್ಮೇಲೆ ಓದೋಕಾಯ್ತು.

ಸುಮ್ನಿರೋಮಾರಾಯ:
ಏನಿತ್ತು?? ಬಾಂಬ್ ಪ್ಲಾನಾ?

ಹಳೇಫೈಲು:
ಅದೇ ಹೈಹಾನೆನ್‌ಗೆ ಬರ್ದಿದ್ದ ಪತ್ರ. ಕ್ಷೇಮವಾಗಿ ತಲುಪಿದ್ದಕ್ಕೆ ಅಭಿನಂದನೆ, ಒಂದಷ್ಟು ಕೆಲಸದ ಸೂಚನೆ, ಜೊತೆಗೆ ಪಾರ್ಸೆಲ್‌ನ ನಿಮ್ಮ ಹೆಂಡತಿ ಕೈಗೇ ಕೊಟ್ಟಿದ್ದೀವಿ, ಮನೇಲಿ ಎಲ್ಲಾ ಚೆನ್ನಾಗಿದ್ದಾರೆ ಅಂತ.

ಬಡಗಣಗಾಳಿ:
ಅಲ್ಲಿ ಹೇಂತಿ, ಇಲ್ಲಿ ಅವ್ವ 😄

ರೀಲುರಾಯ:
ಕ್ಯಾಲೆಂಡರ್, ಟೆಲಿಗ್ರಾಂ, ಈಗ ಪಾರ್ಸೆಲ್ಲು. ಸರಿ ಸೋತೆ, ನಾನೂ ಇವತ್ತು ನೋಡ್ತೀನಿ. ಪಾರ್ಸೆಲ್ ಸೀನ್ ಎಷ್ಟನೇ ನಿಮಿಷಕ್ಕೆ ಬರುತ್ತೆ?

ಕೊನೇಸಾಲು:
ಬರಲ್ಲ ಗುರು, ಬಿಟ್ಟಿದ್ದಾರೆ ಅಂತ ತಾನೇ ಅವ್ರು ಇಷ್ಟೊತ್ತು ಹೇಳಿದ್ದು